ಬಟ್ಟೆಯ ಮೇಲಿನ ವೈನ್ ಕಲೆಯನ್ನು ಮನೆಯ ಸಾಮಗ್ರಿಗಳಿಂದ ತೆಗೆಯುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ದ್ರಾಕ್ಷಿ ತೋಟಗಳೂ ಇವೆ, ಮಗ್ಗಗಳೂ ಇವೆ. ಆದ್ದರಿಂದ ನಮ್ಮಲ್ಲಿ ವೈನ್ ಚೆಲ್ಲುವುದು ಬಿಳಿಯ ಮೇಜುಬಟ್ಟೆಯ ಮೇಲಷ್ಟೇ ಅಲ್ಲ. ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣ, ಹಿರಿಯರ ದೋತರ, ಮನೆಯ ಕಂಬಳಿ ಇವೆಲ್ಲವೂ ಕಲೆಗೆ ಸಿಗುತ್ತವೆ. ಬಿಳಿ ಹತ್ತಿಗೆ ಹೇಳಿದ ಉಪಾಯವನ್ನು ರೇಷ್ಮೆಯ ಮೇಲೆ ಪ್ರಯೋಗಿಸಿದರೆ ಕಲೆಯ ಜೊತೆಗೆ ಬಟ್ಟೆಯೂ ಹೋಗುತ್ತದೆ. ಹೀಗಾಗಿ ಕೆಳಗಿನ ಉತ್ತರಗಳಲ್ಲಿ ಮೊದಲ ಸ್ಥಾನ ಬಟ್ಟೆಯ ನೂಲಿಗೆ, ಎರಡನೆಯದು ಕಲೆಗೆ.

ವೈನ್ ಚೆಲ್ಲಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಯಾವುದು?

ಒಣಗಿದ, ಬಿಳಿಯ, ಬಣ್ಣ ಬಿಡದ ಹತ್ತಿಬಟ್ಟೆಯನ್ನು ಕಲೆಯ ಮೇಲಿಟ್ಟು ಮೆಲ್ಲಗೆ ಒತ್ತಿ, ದ್ರವವನ್ನು ಹೀರಿಸಬೇಕು. ಹೀರಿದ ಭಾಗ ಕೆಂಪಾದಂತೆ ಬಟ್ಟೆಯ ಹೊಸ ಮಗ್ಗುಲನ್ನು ತಿರುಗಿಸಿ ಒತ್ತಬೇಕು. ಅಂಚಿನಿಂದ ನಡುವಿನ ಕಡೆಗೆ ಬಂದರೆ ಕಲೆ ಹರಡುವುದಿಲ್ಲ. ಉಜ್ಜಿದರೆ ವೈನ್ ನೂಲಿನ ಎಳೆಗಳ ಒಳಗೆ ಇಳಿಯುತ್ತದೆ. ರೇಷ್ಮೆಯಾದರೆ ಹೊಳಪೂ ಸವೆದು, ಕಲೆ ಹೋದ ಮೇಲೂ ಅಲ್ಲೊಂದು ಮಬ್ಬು ಉಳಿಯುತ್ತದೆ. ಇನ್ನು ಹೀರುವುದಿಲ್ಲ ಎಂದಾದ ಮೇಲೆ, ನೀರಿಗೆ ಬಣ್ಣ ಬಿಡದ ಬಟ್ಟೆಯನ್ನು ಒಳಮೈ ಮೇಲೆ ಬರುವಂತೆ ಹಿಡಿದು, ಕಲೆಯ ಹಿಂಬದಿಯಿಂದ ತಣ್ಣೀರು ಹರಿಸಬೇಕು. ಬಂದ ದಾರಿಯಲ್ಲೇ ವೈನ್ ಹೊರಗೆ ಹೋಗುತ್ತದೆ. ನಮ್ಮ ಏಪ್ರಿಲ್–ಮೇ ತಿಂಗಳ ಒಣ ಬಿಸಿಲಿನಲ್ಲಿ ಕಲೆ ಬಹುಬೇಗ ಒಣಗುವುದರಿಂದ, ಬೇರೇನೂ ಕೈಗೆ ಸಿಗದಿದ್ದರೂ ಕಲೆಯ ಜಾಗವನ್ನು ತೇವವಾಗಿಡುವುದೇ ದೊಡ್ಡ ಉಪಕಾರ.

ಉಪ್ಪು ಸುರಿದರೆ ಕಲೆ ಹೋಗುತ್ತದೆಯೇ?

ಉಪ್ಪು ಹಸಿ ವೈನನ್ನು ಹೀರಿಕೊಳ್ಳುತ್ತದೆ, ಅಷ್ಟೇ. ಬಣ್ಣವನ್ನು ಕರಗಿಸುವ ಅಥವಾ ಕೆಡಿಸುವ ಶಕ್ತಿ ಅದಕ್ಕಿಲ್ಲ. ಊಟದ ಪಂಕ್ತಿಯಲ್ಲಿ ಅಥವಾ ಮದುವೆ ಮನೆಯಲ್ಲಿ ಬೇರೆ ಅನುಕೂಲವಿಲ್ಲದಾಗ, ಒತ್ತಿ ಹೀರಿಸಿದ ಮೇಲೆ ಪುಡಿ ಉಪ್ಪನ್ನು ದಪ್ಪವಾಗಿ ಹರಡಿ, ಅದು ಗುಲಾಬಿ ಬಣ್ಣಕ್ಕೆ ತಿರುಗಿದ ಮೇಲೆ ಝಾಡಿಸಿ ತೆಗೆದು, ಆದಷ್ಟು ಬೇಗ ತಣ್ಣೀರಿನಲ್ಲಿ ತೊಳೆಯಬೇಕು. ಜವೆ ಹಿಟ್ಟು, ಮೆಕ್ಕೆಜೋಳದ ಹಿಟ್ಟು ಕೂಡ ಇದೇ ಕೆಲಸ ಮಾಡುತ್ತವೆ. ಒಣಗಿದ ಕಲೆಯ ಮೇಲೆ ಉಪ್ಪು ಹಾಕಿ ಪ್ರಯೋಜನವಿಲ್ಲ. ಜರಿ ಇರುವ ಬಟ್ಟೆಗೆ ಉಪ್ಪು ಮುಟ್ಟಿಸಲೇಬಾರದು. ಲೋಹದ ಎಳೆ ಕಪ್ಪಾಗುತ್ತದೆ.

ಕೆಂಪು ವೈನಿನ ಕಲೆ ಇಷ್ಟು ಬಿಗಿಯಾಗಿ ಕೂರುವುದೇಕೆ? ಸಾಬೂನು ತಾಗಿದ ಕೂಡಲೇ ಅದು ನೀಲಿಯಾಗುವುದೇಕೆ?

ಕೆಂಪು ವೈನನ್ನು ಕಪ್ಪು ದ್ರಾಕ್ಷಿಯ ಸಿಪ್ಪೆಯ ಸಮೇತ ಹುದುಗಿಸುತ್ತಾರೆ. ಸಿಪ್ಪೆಯಲ್ಲಿರುವ ಆಂಥೋಸಯಾನಿನ್ ಎಂಬ ಬಣ್ಣವೂ, ಸಿಪ್ಪೆ ಹಾಗೂ ಬೀಜದಲ್ಲಿರುವ ಟ್ಯಾನಿನ್ ಎಂಬ ಒಗರು ದ್ರವ್ಯವೂ ಹೀಗೆ ವೈನಿಗೆ ಇಳಿಯುತ್ತವೆ. ಅಳಲೆಕಾಯಿಯಿಂದಲೂ ದಾಳಿಂಬೆ ಸಿಪ್ಪೆಯಿಂದಲೂ ನೂಲಿಗೆ ಬಣ್ಣ ಕಟ್ಟುತ್ತಿದ್ದ ಹಳೆಯ ಪದ್ಧತಿಗೆ ಆಧಾರವಾಗಿದ್ದದ್ದು ಇದೇ ಟ್ಯಾನಿನ್. ಹತ್ತಿಗೂ ರೇಷ್ಮೆಗೂ ಅಂಟಿಕೊಳ್ಳುವುದು ಅದರ ಸ್ವಭಾವ.

ಆಂಥೋಸಯಾನಿನ್ ಹುಳಿಯ ಸಂಗದಲ್ಲಿ ಕೆಂಪಾಗಿಯೂ ಕ್ಷಾರದ ಸಂಗದಲ್ಲಿ ನೀಲಿ, ಬೂದು ಅಥವಾ ಹಸಿರಾಗಿಯೂ ಕಾಣುತ್ತದೆ. ವೈನ್ ಸ್ವತಃ ಹುಳಿ. ಬಟ್ಟೆ ತೊಳೆಯುವ ಸಾಬೂನು, ಸೋಡಾ ಎಲ್ಲವೂ ಕ್ಷಾರ. ಆದ್ದರಿಂದ ನೀಲಿಯಾದ ಮಾತ್ರಕ್ಕೆ ಕಲೆ ಹೋಗುತ್ತಿದೆ ಎಂದು ಸಮಾಧಾನ ಪಡುವಂತಿಲ್ಲ. ಬಟ್ಟೆ ಕೆಟ್ಟಿತೆಂದು ಗಾಬರಿಯಾಗಬೇಕಾಗಿಯೂ ಇಲ್ಲ.

ಹಾಗಾದರೆ ಬಟ್ಟೆ ಸೋಪಿನ ಬಿಲ್ಲೆಯನ್ನು ತಿಕ್ಕಬಾರದೇ?

ಮೊದಲ ಹಂತದಲ್ಲಿ ತಿಕ್ಕಬಾರದು. ಎಣ್ಣೆ ಮತ್ತು ಕ್ಷಾರದಿಂದ ಮಾಡಿದ ಸಾಬೂನು ಟ್ಯಾನಿನ್ ಕಲೆಯನ್ನು ಬಿಡಿಸುವ ಬದಲು ಗಟ್ಟಿಯಾಗಿ ಕೂರಿಸುವ ಸಂಭವ ಹೆಚ್ಚು. ಒಗೆಯುವ ಕಲ್ಲಿನ ಮೇಲೆ ಬಟ್ಟೆ ಹಾಸಿ, ಬಿಲ್ಲೆ ತಿಕ್ಕಿ, ಬ್ರಷ್ಷಿನಿಂದ ಉಜ್ಜುವುದು ನಮ್ಮಲ್ಲಿ ಎಲ್ಲ ಕಲೆಗೂ ಮಾಡುವ ಮೊದಲ ಉಪಚಾರ. ವೈನಿನ ವಿಷಯದಲ್ಲಿ ಮಾತ್ರ ಆ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ಪಾತ್ರೆ ತೊಳೆಯುವ ದ್ರವ ಅಥವಾ ದ್ರವರೂಪದ ಡಿಟರ್ಜೆಂಟ್ ಇದಕ್ಕಿಂತ ಎಷ್ಟೋ ಮೇಲು.

ಬಿಳಿ ಹತ್ತಿಬಟ್ಟೆಗೆ ಹೆಚ್ಚು ಭರವಸೆಯ ವಿಧಾನ ಯಾವುದು?

ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಪಾತ್ರೆ ತೊಳೆಯುವ ದ್ರವದ ಮಿಶ್ರಣ. ಪೆರಾಕ್ಸೈಡ್ ಬಣ್ಣದ ಅಣುಗಳನ್ನು ಉತ್ಕರ್ಷಿಸಿ ಬಣ್ಣವಿಲ್ಲದಂತೆ ಮಾಡುತ್ತದೆ. ಪಾತ್ರೆ ದ್ರವ ಅದನ್ನು ನೂಲಿನೊಳಗೆ ಇಳಿಸಿ, ಸಡಿಲವಾದದ್ದನ್ನು ನೀರಿನೊಂದಿಗೆ ಹೊರಗೆ ತರುತ್ತದೆ. ಶೇ. 3ರ ಪೆರಾಕ್ಸೈಡ್ ಎರಡು ಪಾಲು, ಪಾತ್ರೆ ದ್ರವ ಒಂದು ಪಾಲು ಬೆರೆಸಿ, ತೊಳೆದು ಹಿಂಡಿದ ಕಲೆಯ ಮೇಲೆ ಹಚ್ಚಿ, 30 ನಿಮಿಷದಿಂದ ಒಂದು ಗಂಟೆಯವರೆಗೆ ಬಿಟ್ಟು, ತಣ್ಣೀರಿನಲ್ಲಿ ಜಾಲಿಸಬೇಕು. ಮಸುಕಾದ ಗುರುತು ಉಳಿದಿದ್ದರೆ ಮತ್ತೊಮ್ಮೆ ಹಚ್ಚಬಹುದು. ದೋತರ, ಬಿಳಿ ಅಂಗಿ, ಗಾಂಧಿ ಟೋಪಿ, ಹಾಸಿಗೆಯ ಮೇಲ್ಹಾಸು ಇವುಗಳಿಗೆ ಇದು ಒಳ್ಳೆಯದು.

ಔಷಧಿ ಅಂಗಡಿಯಲ್ಲಿ ಕೊಳ್ಳುವಾಗ ಬಾಟಲಿಯ ಚೀಟಿಯನ್ನು ಓದಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 20 ವಾಲ್ಯೂಮ್ ಎಂದು ಬರೆದಿರುವ, ಅಂದರೆ ಸುಮಾರು ಶೇ. 6ರ ದ್ರಾವಣ. ಅದಕ್ಕೆ ಸಮಪ್ರಮಾಣದ ನೀರು ಬೆರೆಸಿದರೆ ಶೇ. 3ರ ದ್ರಾವಣವಾಗುತ್ತದೆ. 10 ವಾಲ್ಯೂಮ್ ಎಂದಿದ್ದರೆ ಅದೇ ಶೇ. 3; ನೀರು ಬೇಡ. ಬೇಕಾದಷ್ಟನ್ನೇ ಬೆರೆಸಿ, ಉಳಿದ ಮಿಶ್ರಣವನ್ನು ಚೆಲ್ಲಬೇಕು. ಬಿಗಿ ಮುಚ್ಚಳದ ಸೀಸೆಯಲ್ಲಿ ತುಂಬಿಟ್ಟರೆ ಆಮ್ಲಜನಕ ಬಿಡುಗಡೆಯಾಗಿ ಒತ್ತಡ ಹೆಚ್ಚುತ್ತದೆ. ಕೈಗೆ ಕೈಗವಸು ಇರಲಿ.

ಬಣ್ಣದ ಬಟ್ಟೆಗೂ ಪೆರಾಕ್ಸೈಡ್ ಹಚ್ಚಬಹುದೇ?

ಪರೀಕ್ಷೆ ಮಾಡದೆ ಹಚ್ಚಬಾರದು. ಒಳಮಡಿಕೆಯಲ್ಲಿ ಅಥವಾ ಹೊಲಿಗೆಯ ಅಂಚಿನಲ್ಲಿ ಒಂದು ಹನಿ ಹಾಕಿ, ಹತ್ತು ನಿಮಿಷ ಬಿಟ್ಟು, ಬಿಳಿ ಬಟ್ಟೆಯಿಂದ ಒತ್ತಿ ನೋಡಬೇಕು. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಅಥವಾ ಆ ಜಾಗ ಬಿಳಚಿಕೊಂಡರೆ ಅಲ್ಲಿಗೇ ನಿಲ್ಲಿಸಬೇಕು.

ಕುದಿಯುವ ನೀರನ್ನು ಎತ್ತರದಿಂದ ಸುರಿಯುವ ಉಪಾಯ ಸರಿಯೇ?

ಗಟ್ಟಿ ನೇಯ್ಗೆಯ ಬಿಳಿ ಹತ್ತಿಬಟ್ಟೆಗೆ, ಕಲೆ ಹಸಿಯಾಗಿರುವಾಗ, ಈ ಉಪಾಯ ಕೆಲಸ ಮಾಡುತ್ತದೆ. ಪಾತ್ರೆಯ ಬಾಯಿಗೆ ಬಟ್ಟೆಯನ್ನು ಬಿಗಿದು ಕಟ್ಟಿ, ಕಲೆಯ ನಡುವೆ ಕುದಿನೀರು ಸುರಿದರೆ ಬಣ್ಣ ನೀರಿನೊಂದಿಗೆ ಕೆಳಗಿಳಿಯುತ್ತದೆ. ಆದರೆ ರೇಷ್ಮೆ, ಉಣ್ಣೆ, ಕೃತಕ ರೇಷ್ಮೆ, ಬಣ್ಣದ ಹತ್ತಿ ಯಾವುದಕ್ಕೂ ಇದು ಸಲ್ಲದು. ಕೈ ಸುಟ್ಟುಕೊಳ್ಳುವ ಭಯವೂ ಇದೆ. ಪೆರಾಕ್ಸೈಡ್ ಮನೆಯಲ್ಲಿರುವಾಗ ಇದರ ಅಗತ್ಯ ಬೀಳುವುದಿಲ್ಲ.

ವಿನೆಗರ್, ನಿಂಬೆರಸ, ಸೋಡಾ ಇವುಗಳಲ್ಲಿ ಯಾವುದು ಒಳ್ಳೆಯದು?

ಬಿಳಿ ವಿನೆಗರ್ ಸೌಮ್ಯ ಹುಳಿ. ಆಂಥೋಸಯಾನಿನ್ ಹುಳಿಯಲ್ಲಿ ಕೆಂಪಾಗಿ, ಸುಲಭವಾಗಿ ಕರಗುವ ಸ್ಥಿತಿಯಲ್ಲಿ ಇರುವುದರಿಂದ, ಒಂದು ಪಾಲು ವಿನೆಗರಿಗೆ ಎರಡು ಪಾಲು ನೀರು ಬೆರೆಸಿ ಹಚ್ಚಿ ಹೀರಿಸಿದರೆ ಬಣ್ಣದ ಬಟ್ಟೆಯಲ್ಲಿಯೂ ಕಲೆ ತಕ್ಕಮಟ್ಟಿಗೆ ಇಳಿಯುತ್ತದೆ. ನಿಂಬೆರಸವೂ ಇದೇ ಗುಂಪಿನದು. ಬಿಳಿ ಹತ್ತಿಗೆ ನಿಂಬೆರಸ ಹಚ್ಚಿ ಬಿಸಿಲಿಗೆ ಹಾಕಿದರೆ ಉಳಿದ ಮಸುಕು ಗುರುತು ತೆಳುವಾಗುತ್ತದೆ. ಬಣ್ಣದ ಬಟ್ಟೆಯನ್ನು ಹೀಗೆ ಬಿಸಿಲಿಗೆ ಹಾಕಿದರೆ ಬಟ್ಟೆಯ ಬಣ್ಣವೂ ಜೊತೆಗೇ ಹೋಗುತ್ತದೆ.

ಸೋಡಾ ಎಂದಾಗ ಎರಡನ್ನು ಬೇರ್ಪಡಿಸಬೇಕು. ತಿನ್ನುವ ಸೋಡಾ ತೀರ ಸೌಮ್ಯ ಕ್ಷಾರ. ನೀರಿನಲ್ಲಿ ಕಲಸಿ ಹಚ್ಚಿದರೆ ದ್ರವವನ್ನು ಹೀರುತ್ತದೆ, ಕಲೆಯನ್ನು ನೀಲಿಯಾಗಿಸುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು. ಬಟ್ಟೆ ಸೋಡಾ ಪ್ರಬಲ ಕ್ಷಾರವಾಗಿದ್ದು, ರೇಷ್ಮೆ ಮತ್ತು ಉಣ್ಣೆಯ ನೂಲನ್ನೇ ತಿನ್ನುತ್ತದೆ. ವಿನೆಗರ್ ಮತ್ತು ತಿನ್ನುವ ಸೋಡಾವನ್ನು ಒಟ್ಟಿಗೆ ಬೆರೆಸಿದರೆ ನೊರೆ ಬರುವುದು ನಿಜ. ಆದರೆ ಹುಳಿಯೂ ಕ್ಷಾರವೂ ಒಂದನ್ನೊಂದು ಕಳೆದುಕೊಂಡು ಉಳಿಯುವುದು ಉಪ್ಪಿನಂಶವಿರುವ ನೀರು ಮಾತ್ರ.

ಇಳಕಲ್ ಸೀರೆಯ ಮೇಲೆ ವೈನ್ ಬಿದ್ದರೆ?

ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಏಕೆಂದರೆ ಇಳಕಲ್ ಸೀರೆಯ ಎಲ್ಲ ಭಾಗಗಳೂ ಒಂದೇ ನೂಲಿನವಲ್ಲ. ಒಡಲು ಹತ್ತಿಯದ್ದಾಗಿರಬಹುದು, ರೇಷ್ಮೆಯದ್ದಾಗಿರಬಹುದು, ಚಮಕಾ ಎಂದು ಕರೆಯುವ ಕೃತಕ ರೇಷ್ಮೆಯದ್ದೂ ಆಗಿರಬಹುದು. ಸಾಂಪ್ರದಾಯಿಕ ತೋಪು ತೆನೆ ಸೆರಗು ಕೆಂಪು ರೇಷ್ಮೆಯ ನಡುವೆ ಬಿಳಿಯ ವಿನ್ಯಾಸವುಳ್ಳದ್ದು. ಒಡಲಿನ ಹಾಸು ಎಳೆಗಳಿಗೂ ಸೆರಗಿನ ಹಾಸು ಎಳೆಗಳಿಗೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಕಲೆ ಎಲ್ಲಿ ಬಿದ್ದಿದೆ ಎಂಬುದನ್ನು ನೋಡಿಯೇ ಮುಂದುವರಿಯಬೇಕು.

ಒಡಲು ಹತ್ತಿಯದಾಗಿದ್ದು ಕಲೆ ಅಲ್ಲಿಯೇ ಇದ್ದರೆ, ಆ ಭಾಗವನ್ನಷ್ಟೇ ಹಿಡಿದು ತಣ್ಣೀರು, ಆಮೇಲೆ ನೀರು ಬೆರೆಸಿದ ವಿನೆಗರ್, ಆಮೇಲೆ ಒಂದೆರಡು ಹನಿ ಪಾತ್ರೆ ದ್ರವ, ಹೀಗೆ ಸೌಮ್ಯವಾದದ್ದರಿಂದ ಆರಂಭಿಸಬೇಕು. ಪ್ರತಿ ಹಂತಕ್ಕೂ ಮೊದಲು ದಡಿಯ ಒಳಬದಿಯಲ್ಲಿ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಬೇಕು. ಕೃತಕ ರೇಷ್ಮೆ ಒದ್ದೆಯಾದಾಗ ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುವುದರಿಂದ ಚಮಕಾ ಸೀರೆಯನ್ನು ಹಿಂಡಬಾರದು, ಒದ್ದೆಯ ಭಾರದಲ್ಲಿ ತೂಗುಹಾಕಲೂಬಾರದು. ದಪ್ಪ ಟವೆಲಿನ ಮೇಲೆ ಚಪ್ಪಟೆಯಾಗಿ ಹಾಸಿ ಆರಿಸಬೇಕು.

ಕಲೆ ಸೆರಗಿನ ಮೇಲಿದ್ದರೆ ವೈನಿಗಿಂತ ದೊಡ್ಡ ಅಪಾಯ ಸೆರಗಿನ ಕೆಂಪು ಬಣ್ಣದ್ದೇ. ಅದು ನೀರಿಗೆ ಇಳಿದು ಪಕ್ಕದ ಬಿಳಿಯ ವಿನ್ಯಾಸಕ್ಕೆ ಹತ್ತಿದರೆ ಮತ್ತೆ ಬಿಡಿಸುವುದು ಹೆಚ್ಚುಕಡಿಮೆ ಅಸಾಧ್ಯ. ಆದ್ದರಿಂದ ಸೆರಗನ್ನು ನೀರಿನಲ್ಲಿ ನೆನೆಸಿಡಬಾರದು, ನಲ್ಲಿಯ ಕೆಳಗೆ ಹಿಡಿಯಲೂಬಾರದು. ಒಣಬಟ್ಟೆಯಿಂದ ಹೀರಿಸಿ, ತಣ್ಣೀರಿನಲ್ಲಿ ಅದ್ದಿ ಬಿಗಿಯಾಗಿ ಹಿಂಡಿದ ಬಿಳಿ ಬಟ್ಟೆಯಿಂದ ಒತ್ತಿ, ತಕ್ಷಣ ಒಣಬಟ್ಟೆಯಿಂದ ಮತ್ತೆ ಒತ್ತಿ ತೇವ ತೆಗೆಯಬೇಕು. ಕೊಂಡಿ ಕೂಡಿಸಿದ ಜಾಗದಲ್ಲಿ ಎಳೆದು ಉಜ್ಜಿದರೆ ಎಳೆ ಸಡಿಲವಾಗುತ್ತದೆ. ಇಷ್ಟಕ್ಕೂ ಹೋಗದ ಕಲೆಯನ್ನು ಹಾಗೆಯೇ ಬಿಟ್ಟು, ರೇಷ್ಮೆ ಸೀರೆ ನೋಡಿಕೊಳ್ಳುವ ಅನುಭವವಿರುವ ಡ್ರೈಕ್ಲೀನ್ ಅಂಗಡಿಗೆ ಒಯ್ಯುವುದೇ ವಿವೇಕ. ತಿಂಗಳುಗಟ್ಟಲೆ ದುಡಿದು ಸಂಪಾದಿಸಿದ ಹಣದಿಂದ ಕೊಂಡ, ನೇಕಾರರು ಕಣ್ಣು ಸೋಲುವಂತೆ ನೇಯ್ದ ಸೀರೆಯ ಮೇಲೆ ಪ್ರಯೋಗ ನಡೆಸಬಾರದು.

ಗುಳೇದಗುಡ್ಡದ ಖಣ ಮತ್ತು ಕಸೂತಿ ಇರುವ ಬಟ್ಟೆಗೆ?

ಖಣದಲ್ಲಿ ರೇಷ್ಮೆ ಮತ್ತು ಹತ್ತಿ ಎರಡೂ ಇರುವುದುಂಟು. ಅದನ್ನು ರೇಷ್ಮೆ ಎಂದೇ ಭಾವಿಸಿ ನಡೆಸಿಕೊಳ್ಳಬೇಕು. ಕುಪ್ಪಸವಾಗಿ ಹೊಲಿಸಿದ್ದರೆ ಒಳಗಿನ ಅಸ್ತರನ್ನು ಬೇರೆಯಾಗಿ ಪರೀಕ್ಷಿಸಬೇಕು, ಏಕೆಂದರೆ ಬಹಳ ಸಲ ಬಣ್ಣ ಬಿಡುವುದು ಅಸ್ತರಿನದು. ಕಸೂತಿಯ ಜಾಗದಲ್ಲಿ ಕಲೆಯಾದರೆ ಹಿಂಬದಿಯಲ್ಲಿ ಮಡಿಚಿದ ಬಿಳಿ ಬಟ್ಟೆಯನ್ನಿಟ್ಟು, ಮುಂಬದಿಯಿಂದ ಹತ್ತಿಯ ಉಂಡೆಯಲ್ಲಿ ತೇವ ಮುಟ್ಟಿಸಿ, ಒಂದೊಂದೇ ಭಾಗವನ್ನು ಹೀರಿಸಬೇಕು. ಅವಸರ ಮಾಡಿದರೆ ಕಸೂತಿಯ ದಾರದ ಬಣ್ಣ ಒಡಲಿಗೆ ಹರಿಯುತ್ತದೆ.

ರೇಷ್ಮೆಗೆ ಅಂಟವಾಳಕಾಯಿಯ ನೊರೆ ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದದ್ದು. ಅದು ಕ್ಷಾರವಲ್ಲದ ಕಾರಣ ರೇಷ್ಮೆಯ ನೂಲಿಗೂ ಕ್ಷೇಮ, ಹಸಿ ಕಲೆಗೂ ತಕ್ಕದ್ದು. ಬೀಜ ತೆಗೆದು ನೆನೆಸಿ, ಕಿವುಚಿ, ಸೋಸಿದ ತಿಳಿಯನ್ನಷ್ಟೇ ಬಳಸಬೇಕು. ತೀರ ತಿಳಿಬಣ್ಣದ ರೇಷ್ಮೆಗೆ ಅದರ ಕಂದು ಛಾಯೆ ಹತ್ತಬಹುದಾದ್ದರಿಂದ ಅಲ್ಲಿಯೂ ಪರೀಕ್ಷೆ ಬೇಕು.

ಬಟ್ಟೆ ಯಾವ ನೂಲಿನದು ಎಂದು ತಿಳಿಯುವುದು ಹೇಗೆ?

ಒಳ ಅಂಚಿನಿಂದ ಒಂದೆರಡು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು ಸುಟ್ಟು ನೋಡಬಹುದು. ಹತ್ತಿ ಮತ್ತು ರೇಯಾನ್ (ಅಂದರೆ ಕೃತಕ ರೇಷ್ಮೆ) ಕಾಗದ ಸುಟ್ಟ ವಾಸನೆ ಕೊಟ್ಟು ಹಗುರ ಬೂದಿಯಾಗುತ್ತವೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಉಳಿದ ಕರಿ ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಪಾಲಿಯೆಸ್ಟರ್ ಬಟ್ಟೆಗೆ?

ಪಾಲಿಯೆಸ್ಟರ್ ನೂಲು ನೀರನ್ನು ಅಷ್ಟಾಗಿ ಹೀರುವುದಿಲ್ಲ. ತಣ್ಣೀರು ಮತ್ತು ಪಾತ್ರೆ ದ್ರವದಲ್ಲೇ ಕಲೆ ಬಹುಮಟ್ಟಿಗೆ ಹೋಗುತ್ತದೆ.

ಕಂಬಳಿ, ಸ್ವೆಟರ್, ಶಾಲಿನ ಮೇಲೆ ಬಿದ್ದರೆ?

ಉಣ್ಣೆಗೆ ಬಿಸಿನೀರು ಮತ್ತು ತಿಕ್ಕಾಟ ಸೇರಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ತಣ್ಣೀರು, ನೀರು ಬೆರೆಸಿದ ವಿನೆಗರ್, ಸೌಮ್ಯ ದ್ರವ ಡಿಟರ್ಜೆಂಟ್ ಈ ಮೂರರಲ್ಲೇ ಕೆಲಸ ಮುಗಿಸಬೇಕು. ಕುರಿಯ ಸಹಜ ಕಪ್ಪು ಉಣ್ಣೆಯ ಕಂಬಳಿಯಲ್ಲಿ ಕಲೆ ಕಣ್ಣಿಗೆ ಕಾಣದಿದ್ದರೂ ಸಕ್ಕರೆಯ ಅಂಶ ಹುಳುಗಳನ್ನು ಕರೆಯುತ್ತದೆ, ತೊಳೆಯದೆ ಮಡಿಚಿಡಬಾರದು.

ನಮ್ಮಲ್ಲಿ ಬೋರ್‌ವೆಲ್ ನೀರು. ಅದರಿಂದ ತೊಂದರೆಯಾಗುತ್ತದೆಯೇ?

ಖಂಡಿತ ಆಗುತ್ತದೆ, ಮತ್ತು ಇದನ್ನು ಹೇಳುವವರು ಕಡಿಮೆ. ವಿಜಯಪುರ, ಬಾಗಲಕೋಟೆ ಭಾಗದ ಅನೇಕ ಊರುಗಳ ಬೋರ್‌ವೆಲ್ ನೀರು ಗಡುಸು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಂದಿಗೆ ಸೇರಿ ಜಿಗುಟು ಪದರವಾಗಿ ಬಟ್ಟೆಯ ಮೇಲೆ ಕೂತು, ಕಲೆಯನ್ನು ಒಳಗೆ ಹಿಡಿದಿಡುತ್ತವೆ. ಡಿಟರ್ಜೆಂಟಿಗೆ ಈ ತೊಂದರೆ ಕಡಿಮೆ.

ಇನ್ನೂ ಗಂಭೀರವಾದದ್ದು ಕಬ್ಬಿಣ. ಟ್ಯಾನಿನ್ ಮತ್ತು ಕಬ್ಬಿಣ ಕೂಡಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದಿನವರು ಬರೆಯುವ ಮಸಿಯನ್ನು ಮಾಡಿಕೊಳ್ಳುತ್ತಿದ್ದದ್ದೂ ಇದೇ ಗುಣದಿಂದ. ತುಕ್ಕು ಹಿಡಿದ ಬಕೆಟ್ಟಿನಲ್ಲಿ ಅಥವಾ ಕಬ್ಬಿಣದ ಅಂಶ ಹೆಚ್ಚಿರುವ ನೀರಿನಲ್ಲಿ ವೈನ್ ಕಲೆಯ ಬಟ್ಟೆಯನ್ನು ನೆನೆಸಿಟ್ಟರೆ ಕೆಂಪು ಕಲೆ ಬೂದುಗಪ್ಪಾಗಿ, ಯಾವ ಸಾಬೂನಿಗೂ ಬಗ್ಗದಂತಾಗುತ್ತದೆ. ತುಕ್ಕಿನ ಸಂಪರ್ಕದಲ್ಲಿ ಪೆರಾಕ್ಸೈಡ್ ಅತಿವೇಗವಾಗಿ ಒಡೆದು ಹತ್ತಿಯ ನೂಲನ್ನೇ ದುರ್ಬಲಗೊಳಿಸುತ್ತದೆ. ಮುಂದೆ ಅಲ್ಲಿ ತೂತು ಬೀಳುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಅಥವಾ ಸ್ಟೀಲ್ ಪಾತ್ರೆ, ಸಾಧ್ಯವಾದರೆ ನದಿಯ ನಲ್ಲಿನೀರು ಅಥವಾ ಶುದ್ಧೀಕರಿಸಿದ ಕುಡಿಯುವ ನೀರು ಬಳಸಬೇಕು. ಒಂದು ಕಲೆಗೆ ಬೇಕಾಗುವುದು ನಾಲ್ಕಾರು ಲೀಟರ್ ಮಾತ್ರ.

ಒಣಗಿ ವಾರಗಳೇ ಕಳೆದ ಕಲೆಗೆ ಏನು ಮಾಡಬೇಕು?

ಮೊದಲು ತಣ್ಣೀರಿನಲ್ಲಿ ನೆನೆಸಿ ಕಲೆಯನ್ನು ಮೆದುವಾಗಿಸಬೇಕು. ಬಿಳಿ ಅಥವಾ ಬಣ್ಣ ಗಟ್ಟಿಯಾದ ಹತ್ತಿಯಾದರೆ, ಅಂಗಡಿಯಲ್ಲಿ ಸಿಗುವ ಕಲೆ ತೆಗೆಯುವ ಪುಡಿಗಳಲ್ಲಿ ಸೋಡಿಯಂ ಪರ್ಕಾರ್ಬೊನೇಟ್ ಇರುವುದನ್ನು ಆರಿಸಿಕೊಂಡು, ಬಟ್ಟೆಯ ಚೀಟಿ ಅನುಮತಿಸುವಷ್ಟು, 40ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಕರಗಿಸಿ, ಕೆಲವು ಗಂಟೆ ನೆನೆಸಬೇಕು. ಪರ್ಕಾರ್ಬೊನೇಟ್ ನೀರಿನಲ್ಲಿ ಪೆರಾಕ್ಸೈಡನ್ನೂ ಬಟ್ಟೆ ಸೋಡಾವನ್ನೂ ಬಿಡುಗಡೆ ಮಾಡುವುದರಿಂದ ರೇಷ್ಮೆ, ಉಣ್ಣೆಗೆ ನಿಷಿದ್ಧ. ಇಸ್ತ್ರಿ ಮಾಡಿದ ಅಥವಾ ಡ್ರೈಯರಿನಲ್ಲಿ ಒಣಗಿಸಿದ ಕಲೆ ಪೂರ್ತಿ ಹೋಗುವುದು ಅಪರೂಪ. ಕೊನೆಯಲ್ಲಿ ನೀಲಿ ಅದ್ದುವುದರಿಂದ ಬಿಳಿಬಟ್ಟೆ ಬೆಳ್ಳಗೆ ಕಾಣುತ್ತದೆಯೇ ಹೊರತು ಕಲೆ ಹೋಗುವುದಿಲ್ಲ.

ಬಿಳಿ ವೈನ್ ಚೆಲ್ಲಿದರೆ ಬಿಟ್ಟುಬಿಡಬಹುದೇ?

ಬಿಡಬಾರದು. ಅದರ ಸಕ್ಕರೆ ಮತ್ತು ಇತರ ಅಂಶಗಳು ದಿನಕಳೆದಂತೆ, ಇಸ್ತ್ರಿಯ ಶಾಖ ತಾಗಿದಾಗಲಂತೂ ಬೇಗನೆ, ಹಳದಿ ಕಂದು ಗುರುತಾಗುತ್ತವೆ. ಹಸಿಯಿದ್ದಾಗ ತಣ್ಣೀರೇ ಸಾಕು. ಕೆಂಪು ವೈನಿನ ಮೇಲೆ ಬಿಳಿ ವೈನ್ ಅಥವಾ ಸೋಡಾ ನೀರು ಸುರಿಯುವ ರೂಢಿಯಲ್ಲಿ ವಿಶೇಷವೇನಿಲ್ಲ. ಕೆಲಸ ಮಾಡುವುದು ಅದರೊಳಗಿನ ನೀರು.

ಬ್ಲೀಚಿಂಗ್ ದ್ರಾವಣ ಬಳಸಿದರೆ ಬೇಗ ಮುಗಿಯುವುದಿಲ್ಲವೇ?

ಕ್ಲೋರಿನ್ ಬ್ಲೀಚ್ ಬಿಳಿ ಹತ್ತಿಗೆ ಮಾತ್ರ, ಅದೂ ಕೊನೆಯ ಉಪಾಯವಾಗಿ. ರೇಷ್ಮೆ ಮತ್ತು ಉಣ್ಣೆಯನ್ನು ಅದು ಹಳದಿಯಾಗಿಸಿ ನೂಲನ್ನೇ ಕರಗಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಲೀಚನ್ನು ವಿನೆಗರ್, ನಿಂಬೆರಸ ಅಥವಾ ಶೌಚಾಲಯ ತೊಳೆಯುವ ಆಮ್ಲದೊಂದಿಗೆ ಎಂದಿಗೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಅಮೋನಿಯಾ ಇರುವ ವಸ್ತುವಿನೊಂದಿಗೂ ಅಷ್ಟೇ ಅಪಾಯ. ಬಚ್ಚಲುಮನೆಯಂಥ ಇಕ್ಕಟ್ಟಿನ ಜಾಗದಲ್ಲಿ ಇದು ಪ್ರಾಣಕ್ಕೇ ಎರವಾಗಬಲ್ಲದು. ಒಂದು ವಸ್ತುವಿನ ನಂತರ ಇನ್ನೊಂದನ್ನು ಬಳಸುವಾಗ ನಡುವೆ ಹೇರಳ ನೀರಿನಲ್ಲಿ ಜಾಲಿಸಬೇಕು.

ಕಪ್ಪು ದ್ರಾಕ್ಷಿ, ನೇರಳೆ, ದಾಳಿಂಬೆಯ ಕಲೆಗೂ ಇದೇ ಕ್ರಮವೇ?

ಕಪ್ಪು ದ್ರಾಕ್ಷಿ ಮತ್ತು ನೇರಳೆಯ ಬಣ್ಣ ಆಂಥೋಸಯಾನಿನ್ ಗುಂಪಿನದೇ ಆದ್ದರಿಂದ ಇದೇ ಕ್ರಮ ನಡೆಯುತ್ತದೆ. ಒಣದ್ರಾಕ್ಷಿಗಾಗಿ ವಿಜಯಪುರದಲ್ಲಿ ಹೆಚ್ಚಾಗಿ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ಹಸಿರು ದ್ರಾಕ್ಷಿಯಾಗಿದ್ದು, ಅದರ ರಸ ಬಿಳಿ ವೈನಿನಂತೆಯೇ ಕಾಣದ ಕಲೆ ಬಿಡುತ್ತದೆ. ದಾಳಿಂಬೆಯ ಕಾಳಿನ ರಸ ಸುಲಭ. ಸಿಪ್ಪೆಯ ಕಲೆ ಕಠಿಣ. ಸಿಪ್ಪೆಯಲ್ಲಿ ಟ್ಯಾನಿನ್ ಬಹಳವಿದ್ದು, ಅದು ಹಳದಿ ಕಂದು ಬಣ್ಣವಾಗಿ ಕೂರುತ್ತದೆ. ತೋಟದಲ್ಲಿ ಕಾಯಿ ಕೊಯ್ಯುವವರ ಅಂಗಿಯ ಮೇಲಿನ ಇಂಥ ಕಲೆಗೆ ಪೆರಾಕ್ಸೈಡ್ ಮಿಶ್ರಣವನ್ನು ಎರಡು ಮೂರು ಸಲ ಹಚ್ಚಬೇಕಾದೀತು.

ಗಾದಿ, ಸೋಫಾದ ಮೇಲೆ ಬಿದ್ದರೆ?

ನೀರು ಸುರಿಯಬಾರದು, ಒಳಗಿನ ಹತ್ತಿ ಅಥವಾ ಸ್ಪಂಜಿಗೆ ಕಲೆ ಇಳಿದು, ಒಣಗುವಾಗ ಮತ್ತೆ ಮೇಲೆ ಏರುತ್ತದೆ. ತೇವಬಟ್ಟೆಯಿಂದ ಒತ್ತಿ, ಒಣಬಟ್ಟೆಯಿಂದ ಹೀರಿಸುವ ಕೆಲಸವನ್ನೇ ಹಲವು ಸಲ ಮಾಡಿ, ಫ್ಯಾನಿನ ಗಾಳಿಗೆ ಬೇಗ ಒಣಗಿಸಬೇಕು.

ಡ್ರೈಕ್ಲೀನ್ ಅಂಗಡಿಗೆ ಕೊಡುವಾಗ ಏನು ಹೇಳಬೇಕು?

ಚೆಲ್ಲಿದ್ದು ಕೆಂಪು ವೈನೋ ಬಿಳಿಯದೋ, ಚೆಲ್ಲಿ ಎಷ್ಟು ಹೊತ್ತಾಯಿತು, ಬಟ್ಟೆ ಯಾವ ನೂಲಿನದು, ಮನೆಯಲ್ಲಿ ಏನೇನು ಹಚ್ಚಿ ನೋಡಿದ್ದೀರಿ ಎಂಬುದನ್ನೆಲ್ಲ ಮುಚ್ಚಿಡದೆ ಹೇಳಬೇಕು. ಸಾಬೂನು ತಾಗಿದ ಕಲೆಗೂ ತಾಗದ ಕಲೆಗೂ ಅವರು ಬಳಸುವ ದ್ರಾವಣ ಬೇರೆಯಾಗಬಹುದು. ಕಲೆಯ ಸುತ್ತ ಬಿಳಿ ದಾರದಿಂದ ಸಡಿಲವಾಗಿ ಒಂದೆರಡು ಹೊಲಿಗೆ ಹಾಕಿ ಗುರುತು ಮಾಡಿಕೊಟ್ಟರೆ ಒಣಗಿದ ಬಿಳಿ ವೈನಿನ ಕಲೆಯೂ ತಪ್ಪಿಹೋಗುವುದಿಲ್ಲ. ಕಲೆ ಪೂರ್ತಿ ಹೋಗಿದೆ ಎಂದು ಹಗಲ ಬೆಳಕಿನಲ್ಲಿ ನೋಡಿ ಖಚಿತಪಡಿಸಿಕೊಳ್ಳುವವರೆಗೆ ಇಸ್ತ್ರಿ ಹಾಕಬಾರದೆಂದು ಸ್ಪಷ್ಟವಾಗಿ ತಿಳಿಸಿ, ಸಾಧ್ಯವಾದರೆ ರಸೀದಿಯ ಮೇಲೆಯೇ ಬರೆಸಿಕೊಳ್ಳಬೇಕು.